ಬಿಕ್ಕಳಿಕೆ ನಿಲ್ಲಿಸುವ ಸ್ಟ್ರಾ: ನಾಲ್ಕು ತಿಂಗಳು ಬಳಸಿ ನೋಡಿದೆ

ನನಗೆ ಬಿಕ್ಕಳಿಕೆ ಸ್ವಲ್ಪ ಜಾಸ್ತಿ. ಗಬಗಬ ಉಂಡರೆ ಬರುತ್ತದೆ, ಸೋಡಾ ಕುಡಿದರೆ ಬರುತ್ತದೆ, ಜೋರಾಗಿ ನಕ್ಕರೂ ಬರುತ್ತದೆ. ಬಂದರೆ ಹತ್ತು ನಿಮಿಷ ಬಿಡುವುದಿಲ್ಲ. ಹಾಗಾಗಿ ಅದನ್ನು ನಿಲ್ಲಿಸುವುದಕ್ಕೆ ಅಂತಲೇ ಒಂದು ಸ್ಟ್ರಾ ಸಿಗುತ್ತದೆ ಎಂದು ಗೊತ್ತಾದಾಗ ನಗು ಬಂತು, ಆದರೂ ತರಿಸಿಯೇಬಿಟ್ಟೆ.

ನೋಡುವುದಕ್ಕೆ ಏನೂ ಇಲ್ಲ. ಗಟ್ಟಿ ಪ್ಲಾಸ್ಟಿಕ್ ಕೊಳವೆ, ಕೆಳತುದಿಯಲ್ಲಿ ಸಣ್ಣ ತೂತು. ಬ್ಯಾಟರಿ ಇಲ್ಲ, ಔಷಧಿ ಇಲ್ಲ. ಅರ್ಧ ಲೋಟ ನೀರಲ್ಲಿ ಅದ್ದಿ ಹೀರಬೇಕು, ಅಷ್ಟೇ. ತೂತು ಅಷ್ಟು ಚಿಕ್ಕದಾದ್ದರಿಂದ ನೀರು ಸಲೀಸಾಗಿ ಮೇಲೆ ಬರುವುದಿಲ್ಲ, ಕೆನ್ನೆ ಒಳಗೆ ಹೋಗುವಷ್ಟು ಜೋರಾಗಿ ಎಳೆಯಬೇಕು, ಬಾಯಿಗೆ ಬಂದ ಕೂಡಲೇ ನುಂಗಬೇಕು.

ಇದರ ಹಿಂದಿನ ಲೆಕ್ಕ ಇಷ್ಟು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಅನ್ನುವ ಸ್ನಾಯು ತಟಕ್ಕನೆ ಸೆಳೆದುಕೊಂಡಾಗ ಗಾಳಿ ಒಳಗೆ ನುಗ್ಗುತ್ತದೆ, ಅಷ್ಟರಲ್ಲೇ ಗಂಟಲ ಬಾಗಿಲು ಮುಚ್ಚಿಕೊಂಡು ‘ಹಿಕ್’ ಅನ್ನುತ್ತದೆ. ಜೋರಾಗಿ ಹೀರಿದರೆ ವಪೆಯನ್ನು ನಡೆಸುವ ಫ್ರೆನಿಕ್ ನರಕ್ಕೆ ಕೆಲಸ, ನುಂಗಿದರೆ ವೇಗಸ್ ನರಕ್ಕೆ ಕೆಲಸ. ಎರಡಕ್ಕೂ ಬೇರೆ ಕೆಲಸ ಸಿಕ್ಕರೆ ಬಿಕ್ಕಳಿಕೆಯ ಸರಪಳಿ ತುಂಡಾಗುತ್ತದೆ ಅನ್ನುವುದು ಊಹೆ. ಅಮೆರಿಕದ ಟೆಕ್ಸಾಸ್‌ನ ವೈದ್ಯ ಅಲಿ ಸೈಫಿ ಇಂಥ ಸ್ಟ್ರಾ ಒಂದನ್ನು ರೂಪಿಸಿದರು. 249 ಜನ ಬಳಸಿ ನೋಡಿದ ವರದಿ 2021ರಲ್ಲಿ ಬಂತು, ಸುಮಾರು 92% ಸಲ ಬಿಕ್ಕಳಿಕೆ ನಿಂತಿತಂತೆ. ಆದರೆ ಅದು ಬಳಸಿದವರೇ ಹೇಳಿದ ಲೆಕ್ಕ, ಸ್ಟ್ರಾ ಇಲ್ಲದವರ ಗುಂಪೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ನಾನು ತರಿಸಿದ್ದು ಅದೇ ಥರದ ಇನ್ನೊಂದು.

ನನ್ನ ಲೆಕ್ಕ? ಹನ್ನೊಂದು ಸಲದಲ್ಲಿ ಎಂಟು ಸಲ ಎರಡು ಮೂರು ಗುಟುಕಿಗೇ ನಿಂತಿತು. ಮೊದಲ ಸಲ ನಿಂತಾಗ ನಂಬಿಕೆಯಾಗದೆ ಮುಂದಿನ ಬಿಕ್ಕಳಿಕೆಗೆ ಕಾಯುತ್ತಾ ಕೂತಿದ್ದೆ. ಅನುಮಾನ ಹೋಗಲಿಲ್ಲ ಅಂತ ಎರಡು ಸಲ ಏನೂ ಮಾಡದೆ ಸುಮ್ನೆ ಕೂತೆ. ಒಮ್ಮೆ ನಾಲ್ಕೇ ನಿಮಿಷಕ್ಕೆ ತಾನಾಗಿ ಹೋಯಿತು, ಇನ್ನೊಮ್ಮೆ ಇಪ್ಪತ್ತು ನಿಮಿಷ ಕಾಡಿತು. ಬಿಕ್ಕಳಿಕೆ ಹೇಗೂ ಒಂದು ಹೊತ್ತಿಗೆ ನಿಲ್ಲುತ್ತದೆ, ಆ ಹೊತ್ತಲ್ಲಿ ಕೈಯಲ್ಲಿದ್ದ ಮದ್ದಿಗೆ ಹೆಸರು ಬರುತ್ತದೆ. ಅದಕ್ಕೇ ಪ್ರತಿ ಮನೆಯಲ್ಲೂ ಒಂದೊಂದು ಮದ್ದು ‘ಗ್ಯಾರಂಟಿ’ ಅಲ್ವಾ?

ಇದಕ್ಕೂ ಮನೆಮದ್ದಿಗೂ ಹೋಲಿಸದೆ ಬಿಡಲಾಗಲಿಲ್ಲ. ಬಗ್ಗಿ ಲೋಟದ ಆಚೆ ಅಂಚಿನಿಂದ ನೀರು ಕುಡಿಯುವುದೂ ಹೆಚ್ಚುಕಡಿಮೆ ಇದೇ ತಂತ್ರ, ಆದರೆ ಅಂಗಿ ಒದ್ದೆ, ಮೂಗಿಗೂ ನೀರು. ಒಂದು ಚಮಚ ಒಣ ಸಕ್ಕರೆ ನುಂಗುವುದನ್ನು ನಾನು ಅಜ್ಜಿಕತೆ ಅಂದುಕೊಂಡಿದ್ದೆ, ನೋಡಿದರೆ 1971ರಲ್ಲೇ ವೈದ್ಯರು 20 ಜನರ ಮೇಲೆ ಪ್ರಯೋಗ ಮಾಡಿ 19 ಜನಕ್ಕೆ ನಿಂತಿತು ಅಂತ ಬರೆದಿದ್ದಾರೆ. ನನಗೆ ಅರ್ಧಕ್ಕರ್ಧ ಸಲ ಕೆಲಸ ಮಾಡಿತು. ಹಿಂದಿನಿಂದ ಬಂದು ಹೆದರಿಸುವವರನ್ನು ಮಾತ್ರ ದೂರ ಇಡಿ. ಬಿಕ್ಕಳಿಸುತ್ತಿರುವವನಿಗೆ ಯಾರೋ ಹೆದರಿಸಲು ಬರುತ್ತಾರೆ ಅಂತ ಮೊದಲೇ ಗೊತ್ತಿರುತ್ತದೆ.

ಸ್ಟ್ರಾಗೆ ನಿಜವಾದ ಪೈಪೋಟಿ ಕೊಟ್ಟದ್ದು ಉಸಿರು ಹಿಡಿಯುವುದು, ಅದೂ ಸರಿಯಾಗಿ ಹಿಡಿದರೆ. ಮೊದಲು ಉಸಿರನ್ನೆಲ್ಲ ಹೊರಗೆ ಬಿಡಿ. ಎದೆ ತುಂಬ ಎಳೆದುಕೊಂಡು ಹತ್ತು ಸೆಕೆಂಡ್ ಹಿಡಿಯಿರಿ. ಬಿಡದೆ ಅದರ ಮೇಲೇ ಇನ್ನಷ್ಟು ಎಳೆದು ಐದು ಸೆಕೆಂಡ್, ಮತ್ತೆ ಇನ್ನೊಂಚೂರು ಎಳೆದು ಐದು ಸೆಕೆಂಡ್, ಆಮೇಲೆ ಬಿಡಿ. ಕಣ್ಣಲ್ಲಿ ನೀರು ಬರುತ್ತದೆ, ಆದರೆ ಲೋಟವೂ ಬೇಡ, ಸ್ಟ್ರಾನೂ ಬೇಡ. (ಇನ್ನೂ ಒಂದು ದಾರಿ ಇದೆ. ಗುದದ್ವಾರದಲ್ಲಿ ಬೆರಳಿಟ್ಟು ಮಸಾಜ್ ಮಾಡಿ ಹಟಮಾರಿ ಬಿಕ್ಕಳಿಕೆ ನಿಲ್ಲಿಸಿದ ಬಗ್ಗೆ ಬರೆದವರಿಗೆ 2006ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ) ಬಂದಿದೆ. ನಾನು ಪರೀಕ್ಷಿಸಿಲ್ಲ.)

ದೂರುಗಳೂ ಇವೆ. ಕೊಳವೆ ಬಗ್ಗುವುದಿಲ್ಲ, ಜೇಬಿಗೆ ಹಿಡಿಸುವುದಿಲ್ಲ. ಒಳಗೆ ತೊಳೆಯಲು ಸಣ್ಣ ಬ್ರಷ್ ಬೇಕು, ಅದನ್ನು ಜೊತೆಗೆ ಕೊಟ್ಟಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ, ಬಿಕ್ಕಳಿಕೆ ಬರುವುದು ಮೀಟಿಂಗ್‌ನಲ್ಲಿ, ಬಸ್ಸಿನಲ್ಲಿ, ಫೋನಲ್ಲಿ ಮಾತಾಡುವಾಗ. ಸ್ಟ್ರಾ ಇರುವುದು ಅಡುಗೆಮನೆಯ ಡ್ರಾಯರ್‌ನಲ್ಲಿ.

48 ಗಂಟೆ ದಾಟಿದರೂ ನಿಲ್ಲದ ಬಿಕ್ಕಳಿಕೆಗೆ ಇದನ್ನು ನಂಬಿ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಒಳಗೆ ಬೇರೇನೋ ಕಾಯಿಲೆ ಇರಬಹುದು.

ಐದಕ್ಕೆ ಮೂರು ಸ್ಟಾರ್. ಉಸಿರು ಹಿಡಿದಿಡಲು ಬಾರದ ಮಕ್ಕಳು ಮನೆಯಲ್ಲಿದ್ದರೆ, ಚಿಕ್ಕವರಿಗೆ ಆಗುತ್ತದೋ ಇಲ್ಲವೋ ಅಂತ ಪೊಟ್ಟಣದ ಮೇಲೆ ನೋಡಿಕೊಂಡು ತರಿಸಿ. ನಾನಂತೂ ಈಗ ಹೊರಗಿದ್ದಾಗ ಉಸಿರು ಹಿಡಿಯುತ್ತೇನೆ, ಮನೆಯಲ್ಲಿದ್ದಾಗ ಡ್ರಾಯರ್ ಎಳೆಯುತ್ತೇನೆ.