ಸ್ಟೋವ್ ಅವರ ಕಾದಂಬರಿಯೋ, ಡಗ್ಲಸ್ ಅವರ ಆತ್ಮಕಥನವೋ?
ಅಮೆರಿಕದ ಗುಲಾಮಗಿರಿಯ ಕುರಿತು ಓದಬಯಸುವವರು ಬಿಳಿಯ ಲೇಖಕಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ (1852) ಮತ್ತು ಸ್ವತಃ ಗುಲಾಮರಾಗಿದ್ದು ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ ಅವರ ಆತ್ಮಕಥನ (1845), ಇವೆರಡರಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು?

ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಹೊಣೆಯನ್ನು ಗುಲಾಮಗಿರಿಯಿಲ್ಲದ ಉತ್ತರದ ರಾಜ್ಯಗಳ ಜನರ ಮೇಲೂ ಹೇರಿದ 1850ರ ಕಾಯಿದೆಯಿಂದ ಕೆರಳಿ ಸ್ಟೋವ್ ಬರೆದ ಕಾದಂಬರಿಯು, ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, ಪುಸ್ತಕವಾದ ಮೊದಲ ವರ್ಷವೇ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿಗಳಷ್ಟು ಮಾರಾಟವಾಯಿತು. ಮಾರಿಹೋದ ಮಗನನ್ನು ಎತ್ತಿಕೊಂಡು ಓಡಿಹೋಗುವ ಗುಲಾಮ ತಾಯಿ ಎಲೈಜಾ, ಒಹಾಯೊ ನದಿಯಲ್ಲಿ ತೇಲುವ ಮಂಜುಗಡ್ಡೆಗಳ ಮೇಲೆ ಹಾರುತ್ತಾ, ಪಾದರಕ್ಷೆಗಳೂ ಹೋಗಿ, ಹೆಜ್ಜೆಹೆಜ್ಜೆಗೂ ರಕ್ತದ ಗುರುತು ಬಿಡುತ್ತಾ ದಾಟುವ ಪ್ರಸಂಗವು, ಗುಲಾಮಗಿರಿಯನ್ನು ದೂರದ ವ್ಯವಹಾರವೆಂದುಕೊಂಡಿದ್ದ ಅಸಂಖ್ಯ ಓದುಗರಿಗೆ ತಾಯಿಯೊಬ್ಬಳ ಸಂಕಟವನ್ನು ಮುಟ್ಟಿಸಿತು. ಆದರೆ ಗ್ರಂಥ ದೀರ್ಘವಾದುದು, ಭಾವುಕತೆ ಹೆಚ್ಚು, ಕಪ್ಪು ಜನರ ಚಿತ್ರಣದಲ್ಲಿ ಆ ಕಾಲದ ಪೂರ್ವಗ್ರಹಗಳೂ ಉಳಿದುಕೊಂಡಿವೆ, ಮತ್ತು ಇದು ಸಣ್ಣ ದೋಷವಲ್ಲ.

ಡಗ್ಲಸ್ ಅವರ ಕೃತಿ ಕೇವಲ 11 ಅಧ್ಯಾಯಗಳದ್ದು. ಬಾಲ್ಟಿಮೋರ್‌ನ ಬೀದಿಗಳಲ್ಲಿ ಹಸಿದ ಬಿಳಿಯ ಹುಡುಗರಿಗೆ ಬ್ರೆಡ್ ಕೊಟ್ಟು ಓದಲು ಕಲಿತುದನ್ನು ಅವರು ಯಾವ ಅಲಂಕಾರವೂ ಇಲ್ಲದೆ ಹೇಳುತ್ತಾರೆ. ಅನುಭವಿಸಿದವರ ಆ ಮಾತಿಗಿರುವ ಅಧಿಕಾರ ಸ್ಟೋವ್ ಅವರಿಗೆ ದಕ್ಕಲಾರದು.

ಒಂದನ್ನೇ ಓದಲು ಸಮಯವಿದ್ದವರು ಡಗ್ಲಸ್ ಅವರನ್ನೇ ಆರಿಸಿಕೊಳ್ಳಲಿ. ಉತ್ತರದ ಜನಾಭಿಪ್ರಾಯ ಬದಲಾದ ಬಗೆಯನ್ನು ಅರಿಯಬೇಕೆನ್ನುವವರಿಗೆ ಮಾತ್ರ ಸ್ಟೋವ್ ಅವರ ಕಾದಂಬರಿ ಅನಿವಾರ್ಯ.