ಮುಂಬೈ ಮಳೆಗಾಲಕ್ಕೆ ಅಲೆಗೂದಲು: ಅಗಸೆ ಜೆಲ್ಲಾ, ಅಂಗಡಿ ಜೆಲ್ಲಾ, ಕ್ರೀಮಾ?

ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ ದಾದರ್‌ನಲ್ಲಿ ಇಳಿಯುವಷ್ಟರಲ್ಲಿ ಕೂದಲು ಕೆದರಿರುತ್ತೆ, ಕೂದಲಿಗೆ ಹಚ್ಚುವ ಅಗಸೆಬೀಜದ ಜೆಲ್, ಅಂಗಡಿ ಜೆಲ್, ಕ್ರೀಮ್, ಈ ಮೂರರಲ್ಲಿ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ.

ಮೊದಲು ಹಿಡಿತ, ಅಂದರೆ ಅಲೆ ಕೆಡದ ಹಾಗೆ ಕೂದಲು ನಿಲ್ಲುವುದು. ತೇವದ ಗಾಳಿಯಲ್ಲಿ ಕೂದಲು ನೀರು ಹೀರಿ ಊದಿಕೊಳ್ಳುತ್ತದೆ, ಕೆದರುವುದು ಅದಕ್ಕೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಡಿಯ ಗಟ್ಟಿ ಜೆಲ್ಲೇ ಮೇಲು. ಒದ್ದೆ ಕೂದಲಿಗೆ ಹಚ್ಚಿ, ತುದಿಯಿಂದ ಬುಡದ ಕಡೆಗೆ ಮುಷ್ಟಿಯಲ್ಲಿ ಹಿಂಡಿ. ಒಣಗುವ ತನಕ ಕೈಯಿಂದ ಮುಟ್ಟಬೇಡಿ. ಆಮೇಲೆ ಕೂದಲು ಹಪ್ಪಳದ ಹಾಗೆ ಗರಿಗರಿ ಆಗಿರುತ್ತೆ. ಮೆಲ್ಲಗೆ ಹಿಸುಕಿದರೆ ಮೆತ್ತಗಾಗುತ್ತದೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯ ಶುರುವಿನಲ್ಲೇ ಗ್ಲಿಸರಿನ್ ಇರುವ ಜೆಲ್ ಮಳೆಗಾಲಕ್ಕೆ ಬೇಡ, ಅದು ತೇವವನ್ನು ಎಳೆದುಕೊಳ್ಳುತ್ತದೆ.

ಖರ್ಚಿನಲ್ಲಿ ಅಗಸೆಗೆ ಸಾಟಿಯಿಲ್ಲ. ಕಾಲು ಕಪ್ ಬೀಜ, 2 ಕಪ್ ನೀರು, ಲೋಳೆ ಬರುವವರೆಗೆ ಕುದಿಸಿದರೆ ಆಯ್ತು. ತಲೆನೋವು ಸೋಸುವುದರಲ್ಲಿ! ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು, ಆರಿದರೆ ಇಳಿಯುವುದೇ ಇಲ್ಲ. ಫ್ರಿಜ್‌ನಲ್ಲಿಟ್ಟರೂ ಸುಮಾರು ಒಂದು ವಾರ ಅಷ್ಟೆ. ಹಿಡಿತವೂ ಹಗುರ. ಮನೆಯಿಂದಲೇ ಕೆಲಸ, ಅಡುಗೆಮನೆಯಲ್ಲಿ ತಾಳ್ಮೆ, ಎರಡೂ ಇದ್ದವರಿಗೆ ಚೆನ್ನ.

ಸುಲಭದಲ್ಲಿ ಕ್ರೀಮ್ ಮುಂದು. ಸ್ವಲ್ಪ ತಗೊಂಡು ಸವರಿದರೆ ಮುಗೀತು. ಆದರೆ ತೆಳು ಕೂದಲಿಗೆ ಭಾರ, ಅಲೆಯೇ ಜೋತು ಬೀಳುತ್ತೆ. ದಪ್ಪ, ಒಣ ಕೂದಲಿನವರಿಗೆ, ಅದರಲ್ಲೂ ಪುಣೆಯ ಒಣ ಚಳಿಗೆ, ಇದೇ ಹಿತ. ಮಳೆಯಲ್ಲಿ ಬರೀ ಕ್ರೀಮ್ ನನಗಂತೂ ನಂಬಿಕೆಯಿಲ್ಲ. ಮೇಲೊಂದು ಪದರ ಜೆಲ್ ಹಾಕಿ.

ಬೆಳಿಗ್ಗೆ ಬೇಗ ಹೊರಡುವವರು ಯಾವುದನ್ನೇ ಹಚ್ಚಲಿ, ಹಚ್ಚಿದ ಮೇಲೆ ಟವೆಲ್‌ನಿಂದ ಉಜ್ಜಬೇಡಿ. ಹಳೇ ಕಾಟನ್ ಟಿ-ಶರ್ಟ್‌ನಲ್ಲಿ ಒತ್ತಿ ನೀರು ತೆಗೆದು, ಆಮೇಲೆ ಒಣಗಲು ಬಿಡಿ.