ಟ್ಯಾನ್ ಟ್ಯಾಟೂ ಮಾಡಿಸಿಕೊಳ್ಳಬೇಡಿ: ನನ್ನ ತಂಗಿಯ ಬೆನ್ನಿನ ಕಲೆ ಇನ್ನೂ ಹೋಗಿಲ್ಲ

ಮೈಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು ಬಿಸಿಲಲ್ಲಿ ಮಲಗುವುದು. ಸುತ್ತಲಿನ ಚರ್ಮ ಕಪ್ಪಾದ ಮೇಲೆ ಸ್ಟಿಕ್ಕರ್ ಕಿತ್ತರೆ ಆ ಜಾಗದಲ್ಲಿ ತಿಳಿ ಬಣ್ಣದ ಚಿತ್ರ ಉಳಿಯುತ್ತದೆ. ಇದಕ್ಕೆ ಟ್ಯಾನ್ ಟ್ಯಾಟೂ ಅಂತಾರೆ. ಸೂಜಿ ಇಲ್ಲ, ನೋವಿಲ್ಲ, ಕೆಲವು ವಾರದಲ್ಲಿ ತಾನಾಗೇ ಮಾಸಿಹೋಗುತ್ತದೆ ಅಂತ ಹೇಳಿ ಮಾಡಿಕೊಡುವವರೂ ಇದ್ದಾರೆ. ನನ್ನ ತಂಗಿಗೂ ಹಾಗೇ ಹೇಳಿದ್ದರು. ಅವಳ ಬೆನ್ನ ಮೇಲೆ ಎಲೆಬಳ್ಳಿ ಮೂಡಬೇಕಿತ್ತು. ಮೂಡಿದ್ದು ನೀರುಗುಳ್ಳೆಗಳು, ಆಮೇಲೆ ಕಪ್ಪು ಪಟ್ಟೆಗಳು. ಬಳ್ಳಿ ಯಾವತ್ತೋ ಅಳಿಸಿಹೋಯಿತು, ಪಟ್ಟೆಗಳು ಮಾತ್ರ ತಿಂಗಳುಗಳೇ ಕಳೆದರೂ ಹಾಗೇ ಇವೆ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಅವಳೇ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಸ್ಟಿಕ್ಕರ್ ಅಂಟಿಸಿಕೊಟ್ಟವರು ಅವಳಿಗೆ ಮೂರು ಮಾತು ಹೇಳಿದ್ದರು. ಸನ್‌ಸ್ಕ್ರೀನ್ ಹಚ್ಚಬೇಡಿ. ನಿಂಬೆರಸ ಬೆರೆಸಿದ ಈ ಎಣ್ಣೆ ಹಚ್ಚಿಕೊಳ್ಳಿ, ಬಣ್ಣ ಬೇಗ ಹತ್ತುತ್ತದೆ. ಚರ್ಮ ಸ್ವಲ್ಪ ಕೆಂಪಗಾಗುವವರೆಗೆ ಮಲಗಿ, ಕೆಂಪಾದ ಕೂಡಲೇ ಎದ್ದರೆ ಏನೂ ಆಗಲ್ಲ.

ಮೂರೂ ತಪ್ಪು. ಅದರಲ್ಲೂ ಕೊನೆಯ ಮಾತು ಬಹಳ ಅಪಾಯದ್ದು.

ಯಾಕೆ ಅಂದರೆ ಬಿಸಿಲಿನ ಸುಟ್ಟಗಾಯ ಆಗಲೇ ಕಣ್ಣಿಗೆ ಕಾಣುವುದಿಲ್ಲ. ಸಾಮಾನ್ಯವಾಗಿ ಚರ್ಮ ಕೆಂಪಾಗಲು ಶುರುವಾಗುವುದೇ ಕೆಲವು ಗಂಟೆಗಳ ನಂತರ. ಅದು ಜೋರಾಗುವುದು 12ರಿಂದ 24 ಗಂಟೆಗಳ ಒಳಗೆ. ಬಿಸಿಲಲ್ಲಿ ಮಲಗಿರುವಾಗಲೇ ಕೆಂಪು ಕಂಡಿತು ಅಂದರೆ ಆಗಬೇಕಾದ ಹಾನಿ ಆಗಲೇ ಆಗಿಹೋಗಿರುತ್ತದೆ. ಇಷ್ಟು ಸಾಕು ಅಂತ ನೋಡಿಕೊಂಡು ನಿಲ್ಲಿಸಲು ಇದೇನು ಗೋಡೆಗೆ ಬಳಿಯುವ ಬಣ್ಣ ಅಲ್ಲವಲ್ಲ. ತಂಗಿ ಅವರು ಹೇಳಿದಂತೆಯೇ ಮಾಡಿದ್ದಳು. ಮಧ್ಯಾಹ್ನ ಎದ್ದು ಬಂದಾಗ ಬೆನ್ನು ಸ್ವಲ್ಪ ಬಿಸಿಯಾಗಿತ್ತು, ಅಷ್ಟೇ. ರಾತ್ರಿ ಮಲಗಲು ಹೋದವಳು "ಅಕ್ಕಾ, ಬೆನ್ನು ಬೆಂಕಿ ಹಾಕಿದ ಹಾಗೆ ಉರೀತಿದೆ" ಅಂತ ಅಳುತ್ತಾ ಬಂದಳು. ಬಟ್ಟೆ ತಾಗಿದರೂ ತಡೆಯಲಾಗುತ್ತಿರಲಿಲ್ಲ.

ಇನ್ನು ನಿಂಬೆರಸದ ವಿಷಯ. ಇದು ತುಂಬಾ ಜನರಿಗೆ ಗೊತ್ತೇ ಇಲ್ಲ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೋಕೌಮರಿನ್ ಎಂಬ ಅಂಶಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಚರ್ಮದ ಕೋಶಗಳೇ ಸುಡುತ್ತವೆ. ಉರಿ, ಗುಳ್ಳೆ ಕಾಣಿಸುವುದು ಸುಮಾರು ಒಂದು ದಿನದ ನಂತರ, ಜೋರಾಗುವುದು ಎರಡು ಮೂರು ದಿನಕ್ಕೆ. ಗುಳ್ಳೆ ಒಣಗಿದ ಮೇಲೆ ಅದೇ ಜಾಗ ಕಪ್ಪಾಗುತ್ತದೆ, ಆ ಕಪ್ಪು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯಬಹುದು. ರಸ ಎಲ್ಲೆಲ್ಲಿ ಇಳಿದಿತ್ತೋ ಅಲ್ಲೆಲ್ಲ ಕಲೆ. ತಂಗಿಯ ಬೆನ್ನ ಮೇಲೆ ಎಣ್ಣೆ ಹಚ್ಚಿದವರ ಬೆರಳಿನ ಗುರುತು ಕೂಡ ಮೂಡಿತ್ತು. ಅದನ್ನು ನೋಡಿ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಫೋನ್ ಮಾಡಿ ಕೇಳಿದರೆ "ನಿಮ್ಮ ತಂಗೀದು ಸೆನ್ಸಿಟಿವ್ ಸ್ಕಿನ್ ಮೇಡಂ, ಅಲರ್ಜಿ ಆಗಿದೆ" ಅಂದರು. ಚರ್ಮದ ಡಾಕ್ಟರು ನೋಡಿದ ಕೂಡಲೇ ಇದು ಅಲರ್ಜಿ ಅಲ್ಲ ಅಂದರು. ನಿಂಬೆರಸ, ಬಿಸಿಲು ಎರಡೂ ಸೇರಿದರೆ ಯಾರಿಗೆ ಬೇಕಾದರೂ ಹೀಗಾಗಬಹುದಂತೆ. ಅಂಜೂರದ ಗಿಡದ ಹಾಲು, ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆ ಕೂಡ ಇದೇ ರೀತಿ ಮಾಡುತ್ತವೆ. ಹಾಗಾಗಿ ತಪ್ಪನ್ನು ನಿಮ್ಮ ಚರ್ಮದ ಮೇಲೆ ಹಾಕಿದರೆ ನಂಬಬೇಡಿ.

ಮೈಬಣ್ಣ ಕಂದು ಇರುವವರಿಗೆ ಬಿಸಿಲು ತಾಗಲ್ಲ ಅನ್ನುವ ಮಾತನ್ನೂ ಕೇಳಿದ್ದೇನೆ. ಬೇಗ ಕೆಂಪಾಗುವುದಿಲ್ಲ ನಿಜ. ಆದರೆ ಗಾಯವಾದ ಜಾಗ ಕಪ್ಪಾಗಿ ಉಳಿಯುವುದು ಕಂದು ಚರ್ಮದಲ್ಲೇ ಜಾಸ್ತಿ.

ಸ್ಟಿಕ್ಕರ್ ಬದಲು ಸನ್‌ಸ್ಕ್ರೀನ್‌ನಿಂದಲೇ ಚಿತ್ರ ಬರೆದು ಉಳಿದ ಮೈಯನ್ನು ಸುಡುವುದೂ ಇದೆ. 2015ರಲ್ಲಿ 'ಸನ್‌ಬರ್ನ್ ಆರ್ಟ್' ಅಂತ ಅದರ ಫೋಟೋಗಳು ಎಲ್ಲೆಡೆ ಹರಿದಾಡಿದಾಗ, ಅಮೆರಿಕದ ಸ್ಕಿನ್ ಕ್ಯಾನ್ಸರ್ ಫೌಂಡೇಶನ್ ಇದನ್ನು ಮಾಡಬೇಡಿ ಅಂತ ಹೇಳಿತ್ತು. ಬಿಸಿಲು ಬೇಡ, ಟ್ಯಾನಿಂಗ್ ಬೆಡ್‌ನಲ್ಲಿ (ಅತಿನೇರಳೆ ದೀಪಗಳಿಂದ ಮೈ ಕಪ್ಪಾಗಿಸುವ, ಮಲಗುವ ಯಂತ್ರ) ಮಾಡುತ್ತೇವೆ ಅಂದರೆ ಅದಕ್ಕೂ ಒಪ್ಪಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲೇ ಆ ಯಂತ್ರಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಅದೇ ವರ್ಷ ಬ್ರೆಜಿಲ್ ಸೌಂದರ್ಯಕ್ಕಾಗಿ ಆ ಬೆಡ್ ಬಳಸುವುದನ್ನೇ ನಿಷೇಧಿಸಿತು. ಚಿತ್ರ ಮಾಸಬಹುದು, ಆದರೆ ಕಿರಣಗಳು ಚರ್ಮದ ಕೋಶದ ಡಿಎನ್‌ಎಗೆ ಮಾಡಿದ ಹಾನಿಯಲ್ಲಿ ಒಂದಷ್ಟು ಒಳಗೇ ಉಳಿದುಬಿಡಬಹುದು.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ: ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್‌ನಂಥ ಔಷಧಿ ನಡೆಯುತ್ತಿದ್ದರೆ ಸ್ವಲ್ಪ ಬಿಸಿಲಿಗೇ ಚರ್ಮ ಸುಡಬಹುದು. ಇಂಥ ಚಿತ್ರಕ್ಕೆ ಆಸೆ ಪಡುವ ವಯಸ್ಸಿನವರೇ ಆ ಮಾತ್ರೆ ತಗೊಳ್ಳುವುದೂ ಜಾಸ್ತಿ, ಅಲ್ವಾ?

ಚಿತ್ರ ಬೇಕೇ ಬೇಕು ಅನ್ನುವವರಿಗೆ ಬಿಸಿಲಿಲ್ಲದ ದಾರಿ ಇದೆ. ಡಿಎಚ್‌ಎ (ಡೈಹೈಡ್ರಾಕ್ಸಿಅಸಿಟೋನ್) ಎಂಬ ಅಂಶ ಇರುವ ಟ್ಯಾನಿಂಗ್ ಲೋಷನ್ ಚರ್ಮದ ಮೇಲಿನ ಸತ್ತ ಪದರಕ್ಕಷ್ಟೇ ಕಂದು ಬಣ್ಣ ಕೊಡುತ್ತದೆ. ಸ್ಟೆನ್ಸಿಲ್ ಇಟ್ಟು ಹಚ್ಚಿದರೆ ಕೆಲವು ಗಂಟೆಗಳಲ್ಲಿ ಚಿತ್ರ ಬರುತ್ತದೆ, ಸುಮಾರು ಒಂದು ವಾರಕ್ಕೆ ಮಾಸುತ್ತದೆ. ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕಣ್ಣು, ತುಟಿಯ ಹತ್ತಿರ ಬೇಡ. ಅದು ಬಿಸಿಲಿನಿಂದ ಕಾಪಾಡುವುದಿಲ್ಲ, ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಲೇಬೇಕು.

ಆಗಲೇ ಮೈ ಸುಟ್ಟುಕೊಂಡಿದ್ದರೆ ನೆರಳಿಗೆ ಬನ್ನಿ. ಎಣ್ಣೆ, ರಸ ಏನಿದ್ದರೂ ಸೋಪು ಹಾಕಿ ಮೆಲ್ಲಗೆ ತೊಳೆದುಬಿಡಿ. ತಣ್ಣೀರಿನ ಬಟ್ಟೆ ಇಡಿ, ಐಸ್ ಬೇಡ. ನೀರು ಚೆನ್ನಾಗಿ ಕುಡಿಯಿರಿ. ಗುಳ್ಳೆ ಒಡೆಯಬೇಡಿ, ಟೂತ್‌ಪೇಸ್ಟ್ ಬಳಿಯಬೇಡಿ. ಜ್ವರ, ಚಳಿ, ವಾಂತಿ ಬಂದರೆ ಅಥವಾ ಗುಳ್ಳೆ ದೊಡ್ಡ ಜಾಗಕ್ಕೆ ಹರಡಿದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಆಮೇಲೆ ಉಳಿಯುವ ಕಪ್ಪು ಕಲೆಯನ್ನು ಉಜ್ಜಬೇಡಿ. ಬಿಸಿಲು ತಾಗಿದಷ್ಟೂ ಅದು ಇನ್ನೂ ಗಾಢವಾಗುತ್ತದೆ, ಆದ್ದರಿಂದ ಮುಚ್ಚಿಕೊಂಡೇ ಓಡಾಡಿ. ಯಾರೋ ಹೇಳಿದರು ಅಂತ ಬಿಳುಪಿನ ಕ್ರೀಮ್ ತಂದು ಹಚ್ಚಬೇಡಿ. ಕೆಲವದರಲ್ಲಿ ಸ್ಟೆರಾಯ್ಡ್ ಇರುತ್ತದೆ, ಅದು ಚರ್ಮವನ್ನು ಇನ್ನಷ್ಟು ತೆಳುವಾಗಿಸುತ್ತದೆ.